ಸುಂಕದ ಕಟ್ಟೆಯ ಎರಡು ಬದಿ: ವಾಕಡದ ವಿದೇಶ ಪಯಣಿಗರೂ ವಿಮಾನ ನಿಲ್ದಾಣದ ಕ್ಯಾಮೆರಾ ಖರೀದಿಯೂ

ವಿಮಾನ ನಿಲ್ದಾಣದಲ್ಲಿ ಕ್ಯಾಮೆರಾ ಕೊಳ್ಳುವ ರೂಢಿಯು ಮೇಲ್ನೋಟಕ್ಕೆ ಛಾಯಾಗ್ರಹಣದ ಚರಿತ್ರೆಯ ಒಂದು ಕಿರು ಅಧ್ಯಾಯದಂತೆ ಕಂಡರೂ ಅದು ನಿಜವಾಗಿ ಸೇರುವುದು ಸುಂಕದ ಚರಿತ್ರೆಗೆ. ದೂರದ ಪ್ರಯಾಣಕ್ಕೆ ಹೊರಟ ವ್ಯಕ್ತಿಯು ತನ್ನ ಕ್ಯಾಮೆರಾವನ್ನು ಊರಿನ ಅಂಗಡಿಯಲ್ಲಿ ಕೊಂಡನೇ, ಹೊರಡುವ ನಿಲ್ದಾಣದಲ್ಲಿ ಕೊಂಡನೇ, ನಡುವೆ ವಿಮಾನ ಬದಲಿಸಿದ ಊರಿನಲ್ಲಿ ಕೊಂಡನೇ ಅಥವಾ ಮರಳುವ ದಾರಿಯಲ್ಲಿ ಕೊಂಡನೇ ಎಂಬುದನ್ನು ಅವನ ಅಭಿರುಚಿಗಿಂತ ಮಿಗಿಲಾಗಿ ಮೂರು ಸಂಗತಿಗಳು ನಿರ್ಧರಿಸುತ್ತ ಬಂದಿವೆ: ತಾಯ್ನಾಡಿನ ಆಮದು ಸುಂಕದ ದರ, ಪ್ರಯಾಣಿಕನಿಗೆ ಸರ್ಕಾರ ಬಿಟ್ಟುಕೊಡುವ ವಿದೇಶಿ ವಿನಿಮಯದ ಮೊತ್ತ, ಮತ್ತು ಮರಳುವಾಗ ಸುಂಕ ಕಟ್ಟದೆ ತರಬಹುದಾದ ಸಾಮಾನಿನ ಮಿತಿ. ಸ್ವಾತಂತ್ರ್ಯಾನಂತರದ ಭಾರತದಲ್ಲಿ ಈ ಮೂರೂ ಹಲವು ಬಾರಿ ಬದಲಾಗಿದ್ದು, ಪ್ರತಿ ಬದಲಾವಣೆಯೊಂದಿಗೆ ಕ್ಯಾಮೆರಾ ಕೊಳ್ಳುವ ಜಾಗವೂ ಸರಿದಿದೆ. ಪುಣೆಯ ವಾಯವ್ಯ ಅಂಚಿನಲ್ಲಿರುವ ವಾಕಡದ ಇಂದಿನ ವಸತಿಯ ದೊಡ್ಡ ಭಾಗವು ವಿದೇಶದ ಕೆಲಸವನ್ನೇ ನೆಚ್ಚಿದ ಉದ್ಯಮವೊಂದರಿಂದ ಹುಟ್ಟಿಕೊಂಡಿದ್ದರಿಂದ, ಈ ಸರಿದಾಟವನ್ನು ಗಮನಿಸಲು ಆ ಊರು ಒಂದು ಅನುಕೂಲವಾದ ನೆಲೆಯಾಗಿದೆ.

ಹೆದ್ದಾರಿಯ ಮಗ್ಗುಲ ಊರು

ವಾಕಡವು ಮುಳಾ ನದಿಯ ದಡದ ಹಳೆಯ ಕೃಷಿಗ್ರಾಮ. ಮ್ಹಾತೋಬಾ ದೇವರ ಉತ್ಸವವನ್ನು ನೆರೆಯ ಹಿಂಜವಡಿಯೊಡನೆ ಕೂಡಿ ಆಚರಿಸುವ ಅದರ ಪದ್ಧತಿ ಇಂದಿಗೂ ಉಳಿದಿದೆ. 1990ರ ದಶಕದ ಕೊನೆಯ ವೇಳೆಗೆ ಈ ಗ್ರಾಮವು ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿತು, ಮತ್ತು ಸರಿಸುಮಾರು ಅದೇ ಕಾಲದಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಹಿಂಜವಡಿಯ ಗುಡ್ಡಗಾಡಿನಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಎಂಬ ಹೆಸರಿನ ಸಾಫ್ಟ್‌ವೇರ್ ನೆಲೆಯನ್ನು ರೂಪಿಸತೊಡಗಿತು. ಆ ನೆಲೆಗೆ ದುಡಿಯಲು ಬಂದವರಿಗೆ ಮನೆ ಬೇಕಾಯಿತು. ಕಸ್ಪಟೆ ವಸ್ತಿ, ಭೂಮ್ಕರ್ ಚೌಕಗಳ ಸುತ್ತಲಿನ ಹೊಲಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಊರಿನ ಮಗ್ಗುಲಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48, ಅಂದರೆ ಹಿಂದಿನ 4ನೆಯ ಹೆದ್ದಾರಿಯು, ಒಂದು ಕಡೆ ಮುಂಬಯಿಗೂ ಇನ್ನೊಂದು ಕಡೆ ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳ ಮೂಲಕ ಬೆಂಗಳೂರಿಗೂ ಸೇರುವುದರಿಂದ, ಉತ್ತರ ಕರ್ನಾಟಕದ ಎಂಜಿನಿಯರುಗಳಿಗೆ ವಾಕಡವು ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಇಳಿಯಬಹುದಾದ ಊರಾಯಿತು.

ಪುಣೆಗೂ ಕನ್ನಡಿಗರ ಸಾಫ್ಟ್‌ವೇರ್ ಉದ್ಯಮಕ್ಕೂ ಇರುವ ನಂಟು ಹಿಂಜವಡಿಗಿಂತ ಹಳೆಯದು. ಎನ್. ಆರ್. ನಾರಾಯಣಮೂರ್ತಿ ಮತ್ತು ಅವರ ಆರು ಮಂದಿ ಜೊತೆಗಾರರು ಇನ್ಫೋಸಿಸ್ ಸಂಸ್ಥೆಯನ್ನು 1981ರಲ್ಲಿ ಹುಟ್ಟುಹಾಕಿದ್ದು ಪುಣೆಯಲ್ಲಿ. ಅದು ಬೆಂಗಳೂರಿಗೆ ನೆಲೆ ಬದಲಿಸಿದ್ದು 1983ರಲ್ಲಿ. ಕಂಪ್ಯೂಟರ್ ಆಮದಿಗೆ ಪರವಾನಗಿ ಪಡೆಯುವುದೇ ದೀರ್ಘ ಹೋರಾಟವಾಗಿದ್ದ ಆ ದಿನಗಳಲ್ಲಿ ಸಂಸ್ಥೆಯ ಎಂಜಿನಿಯರುಗಳು ಅಮೆರಿಕಕ್ಕೆ ಹೋಗಿ ಗ್ರಾಹಕರ ಯಂತ್ರಗಳ ಮೇಲೆಯೇ ಕೆಲಸ ಮಾಡಬೇಕಾಗುತ್ತಿತ್ತು. ಗ್ರಾಹಕನ ಕಚೇರಿಯಲ್ಲೇ ಕುಳಿತು ತಿಂಗಳುಗಟ್ಟಲೆ ದುಡಿಯುವ ಈ ಏರ್ಪಾಡಿಗೆ ಉದ್ಯಮದ ಮಾತಿನಲ್ಲಿ ‘ಆನ್‌ಸೈಟ್’ ಎಂದು ಹೆಸರಾಯಿತು. ಹಿಂಜವಡಿ ಬೆಳೆದಾಗ ಅಲ್ಲಿಯೂ ಇದೇ ಪದ್ಧತಿ ನೆಲೆಗೊಂಡು, ದೀರ್ಘಕಾಲದ ವಿದೇಶವಾಸವು ವಾಕಡದ ಮಧ್ಯಮ ವರ್ಗದ ಬದುಕಿನಲ್ಲಿ ನಿರೀಕ್ಷಿತ ಘಟ್ಟವಾಗಿ ಬಿಟ್ಟಿತು.

ಆದರೆ ಈ ಪಯಣಿಗರಿಗೆ ‘ವಿಮಾನ ನಿಲ್ದಾಣ’ ಎಂದರೆ ಬಹುಕಾಲ ಪುಣೆಯ ನಿಲ್ದಾಣವಾಗಿರಲಿಲ್ಲ. ಲೋಹಗಾಂವದ ನಿಲ್ದಾಣವು 1939ರಲ್ಲಿ ವಾಯುಪಡೆಯ ನೆಲೆಯಾಗಿ ಹುಟ್ಟಿದ್ದು, ನಾಗರಿಕ ವಿಮಾನಗಳು ಅಲ್ಲಿ ಇಂದಿಗೂ ವಾಯುಪಡೆಯ ರನ್‌ವೇಯನ್ನೇ ಬಳಸುತ್ತವೆ. ಅಲ್ಲಿಂದ ಅಂತರರಾಷ್ಟ್ರೀಯ ಸಂಚಾರ ಆರಂಭವಾದದ್ದು 2005ರ ಕೊನೆಗೆ, ಫ್ರಾಂಕ್‌ಫರ್ಟಿಗೆ ನೇರ ವಿಮಾನ ಬಂದದ್ದು 2008ರಲ್ಲಿ. ಹೀಗಾಗಿ ನೂರಿಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದ ಮುಂಬಯಿಯ ಸಹಾರ್ ಟರ್ಮಿನಲ್ಲೇ ಅವರ ಹೊರಡುವ ಬಾಗಿಲಾಗಿತ್ತು, ಮತ್ತು 2002ರಲ್ಲಿ ಪೂರ್ಣಗೊಂಡ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯು ಆ ಬಾಗಿಲನ್ನು ಕೆಲವೇ ಗಂಟೆಗಳ ಹಾದಿಗೆ ತಂದಿತು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಾದ ಕಾರಣ ದಕ್ಷಿಣ ಕನ್ನಡ, ಉಡುಪಿ, ಭಟ್ಕಳ, ಕಾಸರಗೋಡುಗಳ ಕೊಲ್ಲಿ ಉದ್ಯೋಗಿಗಳಲ್ಲಿ ಅನೇಕರಿಗೂ ಅದಕ್ಕೆ ಮೊದಲು ಮುಂಬಯಿಯೇ ದಾರಿಯಾಗಿತ್ತು.

ಶಾನನ್‌ನಿಂದ ದುಬೈಗೆ

ಸುಂಕಮುಕ್ತ ಅಂಗಡಿ, ಅಂದರೆ ಜನರ ಮಾತಿನ ‘ಡ್ಯೂಟಿ ಫ್ರೀ’, ಎರಡನೆಯ ಮಹಾಯುದ್ಧದ ನಂತರದ ಸೃಷ್ಟಿ. ಅಟ್ಲಾಂಟಿಕ್ ಸಾಗರವನ್ನು ಒಂದೇ ಹಾರಾಟದಲ್ಲಿ ದಾಟಲಾಗದ ಅಂದಿನ ವಿಮಾನಗಳು ಇಂಧನಕ್ಕಾಗಿ ಐರ್ಲೆಂಡಿನ ಶಾನನ್‌ನಲ್ಲಿ ಇಳಿಯುತ್ತಿದ್ದವು. ಹಾಗೆ ಇಳಿದು ಕೆಲವು ಗಂಟೆ ಕಾಯುವ ಪ್ರಯಾಣಿಕನು ಕಾನೂನಿನ ದೃಷ್ಟಿಯಲ್ಲಿ ಐರ್ಲೆಂಡನ್ನು ಪ್ರವೇಶಿಸಿಯೇ ಇರುವುದಿಲ್ಲವಾದ್ದರಿಂದ ಅವನು ಕೊಳ್ಳುವ ವಸ್ತುವಿಗೆ ಐರ್ಲೆಂಡಿನ ತೆರಿಗೆ ತಗಲಬೇಕಿಲ್ಲ ಎಂಬ ತರ್ಕವನ್ನು ಅಲ್ಲಿನ ಊಟೋಪಚಾರ ವಿಭಾಗದ ಮುಖ್ಯಸ್ಥ ಬ್ರೆಂಡನ್ ಓ’ರೀಗನ್ ಮುಂದಿಟ್ಟರು. 1947ರಲ್ಲಿ ಐರಿಷ್ ಸಂಸತ್ತು ಶಾನನ್ ನಿಲ್ದಾಣವನ್ನು ಸುಂಕಮುಕ್ತ ಪ್ರದೇಶವೆಂದು ಸಾರುವ ಕಾಯ್ದೆಯನ್ನು ಅಂಗೀಕರಿಸಿತು. ಆಮ್‌ಸ್ಟರ್ಡಾಮಿನ ಸ್ಕಿಪೋಲ್ ನಿಲ್ದಾಣವು 1957ರಲ್ಲಿ ಅದೇ ಮಾದರಿಯನ್ನು ಅನುಸರಿಸಿತು.

ಈ ಅಂಗಡಿಗಳ ಮುಖ್ಯ ಸರಕು ಮದ್ಯ, ಸಿಗರೇಟು ಮತ್ತು ಸುಗಂಧದ್ರವ್ಯವಾಗಿದ್ದರೂ, ಕ್ಯಾಮೆರಾ ಅವುಗಳ ಪಕ್ಕಕ್ಕೆ ಬಂದು ಕೂರಲು ಸ್ಪಷ್ಟ ಕಾರಣವಿತ್ತು. ಗಾತ್ರಕ್ಕೆ ಹೋಲಿಸಿದರೆ ಅದರ ಬೆಲೆ ಹೆಚ್ಚು. ಅದನ್ನು ಕೈಚೀಲದಲ್ಲಿ ಒಯ್ಯಬಹುದು. ಹಲವು ದೇಶಗಳು ಅದನ್ನು ಭೋಗವಸ್ತುವೆಂದು ಪರಿಗಣಿಸಿ ಭಾರಿ ತೆರಿಗೆ ಹಾಕುತ್ತಿದ್ದವು. ಮತ್ತು ಅದು ಪ್ರವಾಸದ ಸಮಯದಲ್ಲೇ ಅತ್ಯಂತ ಅಗತ್ಯವೆನಿಸುವ ಸಾಧನ. 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಜಪಾನಿನ ಏಕಲೆನ್ಸ್ ಪ್ರತಿಫಲನ ಕ್ಯಾಮೆರಾಗಳು, ಅಂದರೆ ಚಿತ್ರ ತೆಗೆಯುವ ಲೆನ್ಸಿನ ಮೂಲಕವೇ ದೃಶ್ಯವನ್ನು ಕನ್ನಡಿಯಲ್ಲಿ ತೋರಿಸುವ ಯಂತ್ರಗಳು, ಜರ್ಮನ್ ಕ್ಯಾಮೆರಾಗಳ ಸ್ಥಾನವನ್ನು ಆಕ್ರಮಿಸಿಕೊಂಡವು. ಅವುಗಳ ಸಗಟು ವ್ಯಾಪಾರದ ನಡುದಾರಿಯಲ್ಲಿದ್ದ ಹಾಂಗ್‌ಕಾಂಗ್ ಮತ್ತು ಸಿಂಗಾಪುರಗಳು ಮುಕ್ತ ಬಂದರುಗಳಾಗಿದ್ದರಿಂದ ಅಲ್ಲಿ ನಿಲ್ದಾಣದ ಅಂಗಡಿಗೂ ಊರಿನ ಅಂಗಡಿಗೂ ಬೆಲೆಯಲ್ಲಿ ಹೆಚ್ಚಿನ ಅಂತರವಿರಬೇಕಾದ ಕಾರಣವಿರಲಿಲ್ಲ. ದುಬೈ ತನ್ನ ಸುಂಕಮುಕ್ತ ಅಂಗಡಿಯನ್ನು 1983ರ ಡಿಸೆಂಬರ್ 20ರಂದು ತೆರೆದಾಗ ಅದನ್ನು ಕಟ್ಟಿಕೊಡಲು ಬಂದದ್ದು ಶಾನನ್ ಅಂಗಡಿಗಳನ್ನು ನಡೆಸುತ್ತಿದ್ದ ಏರ್ ರಿಯಾಂಟಾ ಸಂಸ್ಥೆಯ ತಂಡ. ಮುಂದೆ 2010ರಲ್ಲಿ ದೆಹಲಿ ನಿಲ್ದಾಣದ ಸುಂಕಮುಕ್ತ ಅಂಗಡಿಗಳ ಪಾಲುದಾರನಾಗಿ ಬಂದದ್ದೂ ಅದೇ ಬಳಗ. ಭಾರತೀಯ ಪ್ರಯಾಣಿಕನು ಕಂಡ ಡ್ಯೂಟಿ ಫ್ರೀ ಅಂಗಡಿಯ ವಂಶಾವಳಿ ಹೀಗೆ ಐರ್ಲೆಂಡಿನ ಒಂದು ಇಂಧನ ನಿಲುಗಡೆಗೆ ಹೋಗಿ ಮುಟ್ಟುತ್ತದೆ.

ಮುಚ್ಚಿದ ಬಾಗಿಲಿನ ದಶಕಗಳು

ಪ್ರವಾಸಿಯ ಕ್ಯಾಮೆರಾವನ್ನು ಸುಂಕದ ಅಧಿಕಾರಿಗಳು ಹೇಗೆ ಕಾಣಬೇಕೆಂಬ ಪ್ರಶ್ನೆಗೆ ಅಂತರರಾಷ್ಟ್ರೀಯ ಕಾನೂನು 1954ರಲ್ಲಿ ಒಂದು ಉತ್ತರ ಕೊಟ್ಟಿತು. ಆ ವರ್ಷ ನ್ಯೂಯಾರ್ಕಿನಲ್ಲಿ ಸಹಿಯಾದ, ಪ್ರವಾಸಕ್ಕೆ ಸಂಬಂಧಿಸಿದ ಸುಂಕ ಸೌಲಭ್ಯಗಳ ಒಡಂಬಡಿಕೆಯು, ಪ್ರವಾಸಿಯು ತಾತ್ಕಾಲಿಕವಾಗಿ ಸುಂಕವಿಲ್ಲದೆ ತರಬಹುದಾದ ಸ್ವಂತ ಸಾಮಾನುಗಳ ಪಟ್ಟಿಯಲ್ಲಿ ಒಂದು ಕ್ಯಾಮೆರಾವನ್ನೂ ಅದರೊಡನೆ ಹನ್ನೆರಡು ಪ್ಲೇಟು ಅಥವಾ ಐದು ರೋಲು ಫಿಲ್ಮನ್ನೂ ಸೇರಿಸಿತು; ದುರ್ಬೀನು, ಟೈಪ್‌ರೈಟರು, ಹತ್ತು ತಟ್ಟೆಗಳ ಸಮೇತ ಒಂದು ಗ್ರಾಮಫೋನು, ಮಗುವಿನ ತಳ್ಳುಗಾಡಿಗಳೂ ಆ ಪಟ್ಟಿಯಲ್ಲಿದ್ದವು. ಈ ಔದಾರ್ಯವು ಪರದೇಶದಿಂದ ಬಂದು ಮರಳಿ ಹೋಗುವವನಿಗೆ ಮೀಸಲಾಗಿತ್ತು. ಹೊರಗಿನಿಂದ ಕ್ಯಾಮೆರಾ ಕೊಂಡು ಮನೆಗೆ ಮರಳುವ ಸ್ವದೇಶಿಯನ್ನು ಅದು ಮುಟ್ಟಲಿಲ್ಲ.

ಸ್ವದೇಶಿಯ ಪಾಡು ಬೇರೆಯಾಗಿತ್ತು. ವಿದೇಶಿ ವಿನಿಮಯದ ಕೊರತೆಯಿಂದ ಭಾರತವು ಬಳಕೆದಾರ ಸರಕುಗಳ ಆಮದನ್ನು ಪರವಾನಗಿಗೆ ಒಳಪಡಿಸಿದ್ದರಿಂದ ಒಳ್ಳೆಯ ವಿದೇಶಿ ಕ್ಯಾಮೆರಾ ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತಿರಲಿಲ್ಲ. ಅದರ ಜಾಗವನ್ನು ತುಂಬಿದ್ದು ವಡೋದರದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬ ಸರಳ ಪೆಟ್ಟಿಗೆ ಕ್ಯಾಮೆರಾ. 120 ಅಳತೆಯ ಒಂದು ರೋಲಿನಲ್ಲಿ ಆರು ಸೆಂಟಿಮೀಟರ್ ಚೌಕದ ಹನ್ನೆರಡು ಚಿತ್ರಗಳನ್ನು ತೆಗೆಯುತ್ತಿದ್ದ ಅದು ಒಂದಿಡೀ ಪೀಳಿಗೆಯ ಮೊದಲ ಕ್ಯಾಮೆರಾ ಆಯಿತು. ಫಿಲ್ಮಿನಲ್ಲಿ ಸ್ವಾವಲಂಬನೆ ಸಾಧಿಸಲು ಕೇಂದ್ರ ಸರ್ಕಾರವು 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯನ್ನು ಸ್ಥಾಪಿಸಿತು, 1967ರಿಂದ ಅಲ್ಲಿ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮು ತಯಾರಾಯಿತು. ನಿಖರ ಲೆನ್ಸು ಮತ್ತು ಬದಲಿಸಬಲ್ಲ ವೇಗದ ಷಟರು ಬೇಕೆನ್ನುವ ಹವ್ಯಾಸಿಗೆ ಉಳಿದಿದ್ದ ದಾರಿಗಳು ಎರಡೇ: ಚೆನ್ನೈಯ ಬರ್ಮಾ ಬಜಾರಿನಂಥ ‘ಫಾರಿನ್ ಸಾಮಾನಿನ’ ಸಂತೆಗಳು, ಇಲ್ಲವೇ ಪರದೇಶಕ್ಕೆ ಹೋಗಿಬರುವ ನೆಂಟರು.

ಹೋಗಿಬರುವ ನೆಂಟನ ಕೈಯೂ ಬಿಗಿಯಾಗಿತ್ತು. 1960ರ ದಶಕದ ಉತ್ತರಾರ್ಧದಲ್ಲಿ ದೇಶ ಬಿಡುವ ವಿದ್ಯಾರ್ಥಿ ಅಥವಾ ಉದ್ಯೋಗಾರ್ಥಿಗೆ ಹಾದಿಖರ್ಚಿಗೆಂದು ಸಿಗುತ್ತಿದ್ದ ವಿದೇಶಿ ಹಣವು 8 ಡಾಲರಿನಷ್ಟಿತ್ತೆಂಬುದು ಆ ಪೀಳಿಗೆಯ ಅನೇಕರು ದಾಖಲಿಸಿರುವ ಸಂಗತಿ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯು ಈ ಹಿಡಿತಕ್ಕೆ ಕ್ರಿಮಿನಲ್ ಶಿಕ್ಷೆಯ ಬಲವನ್ನೂ ಕೂಡಿಸಿತು. ಇಷ್ಟು ಹಣ ಹಿಡಿದು ಸಹಾರಿನಲ್ಲಾಗಲಿ ಅದಕ್ಕೆ ಹಿಂದಿನ ಸಾಂತಾಕ್ರೂಜಿನಲ್ಲಾಗಲಿ ಡಾಲರು ಕೊಟ್ಟು ಕ್ಯಾಮೆರಾ ಕೊಳ್ಳುವುದು ಊಹೆಗೆ ಮೀರಿದ್ದಾದ್ದರಿಂದ, ಹೊರಡುವ ಮೊದಲು ನಿಲ್ದಾಣದಲ್ಲಿ ಖರೀದಿಸುವ ಪ್ರಶ್ನೆಯೇ ಆ ದಶಕಗಳ ಭಾರತೀಯನಿಗೆ ಏಳಲಿಲ್ಲ. ಮೊದಲು ಪರದೇಶದಲ್ಲಿ ದುಡಿಯಬೇಕು ಅಥವಾ ವಿದ್ಯಾರ್ಥಿವೇತನದಲ್ಲಿ ಉಳಿಸಬೇಕು, ಆಮೇಲೆ ಕೊಳ್ಳಬೇಕು. ಕ್ಯಾಮೆರಾ ಹೀಗೆ ಪ್ರಯಾಣದ ಸಲಕರಣೆಯಾಗುವ ಬದಲು ಪ್ರಯಾಣದ ಗಳಿಕೆಯಾಯಿತು. ಹೊನ್ನಾವರದಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ನಡೆಸಿ ಬಂದ ಕೃಷ್ಣಾನಂದ ಕಾಮತರು ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂಬ ಪ್ರವಾಸ ಕಥನವನ್ನು ಬರೆದದ್ದು ಈ ಕಾಲಘಟ್ಟದ ಅನುಭವದಿಂದ. ವಿಜ್ಞಾನಿಯೂ ಬರಹಗಾರನೂ ಛಾಯಾಗ್ರಾಹಕನೂ ಒಬ್ಬರಲ್ಲೇ ಕೂಡಿದ ಅವರಂಥವರು ಆಗ ಅಪರೂಪವಾಗಿದ್ದುದಕ್ಕೆ ಪ್ರತಿಭೆಯಷ್ಟೇ ಸಾಧನಗಳ ದುರ್ಲಭತೆಯೂ ಕಾರಣ.

ಮರಳುವ ಪ್ರಯಾಣಿಕನನ್ನು 1962ರ ಕಸ್ಟಮ್ಸ್ ಕಾಯ್ದೆ ಎದುರುಗೊಳ್ಳುತ್ತಿತ್ತು. ಅದರ 77ನೆಯ ಕಲಮು ಪ್ರಯಾಣಿಕನು ತನ್ನ ಸಾಮಾನಿನಲ್ಲಿರುವುದನ್ನು ಘೋಷಿಸಬೇಕೆಂದೂ, 79ನೆಯ ಕಲಮು ಸ್ವಂತ ಬಳಕೆಯ ಸಾಮಾನಿಗೆ ನಿಯಮಗಳು ಹೇಳುವಷ್ಟರ ಮಟ್ಟಿಗೆ ವಿನಾಯಿತಿ ಇದೆಯೆಂದೂ ಹೇಳುತ್ತವೆ. ಆ ನಿಯಮಗಳು ಕ್ಯಾಮೆರಾದ ಬಗ್ಗೆ ಎಂದೂ ಸಡಿಲವಾಗಿರಲಿಲ್ಲ. ವಿದೇಶದಲ್ಲಿ ದುಡಿದು ಬಂದವನು ತನ್ನ ‘ವೃತ್ತಿಪರ ಸಲಕರಣೆ’ಯನ್ನು ಪ್ರತ್ಯೇಕ ರಿಯಾಯಿತಿಯಲ್ಲಿ ತರಬಹುದೆಂದ 1998ರ ಬ್ಯಾಗೇಜ್ ನಿಯಮಗಳು, ಬಡಗಿ, ಕೊಳಾಯಿ ಕೆಲಸದವ, ವೆಲ್ಡರ್, ಗಾರೆ ಕೆಲಸದವ ಮೊದಲಾದವರ ಕೈಯುಪಕರಣಗಳನ್ನು ಆ ಹೆಸರಿನಡಿ ಒಪ್ಪಿಕೊಂಡು, ಕ್ಯಾಮೆರಾ, ಕ್ಯಾಸೆಟ್ ರೆಕಾರ್ಡರು, ಕಂಪ್ಯೂಟರು, ಟೈಪ್‌ರೈಟರುಗಳನ್ನು ಸಾಮಾನ್ಯ ಬಳಕೆಯ ವಸ್ತುಗಳೆಂದು ಹೆಸರಿಸಿಯೇ ಹೊರಗಿಟ್ಟವು. ಕೊಲ್ಲಿಯಿಂದ ಮರಳುವ ಕಾರ್ಮಿಕನನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಣೆದಂತೆ ಕಾಣುವ ಈ ವ್ಯಾಖ್ಯೆಯು ಕಂಪ್ಯೂಟರೇ ಬದುಕಾಗಿದ್ದ ಸಾಫ್ಟ್‌ವೇರ್ ಎಂಜಿನಿಯರನ್ನೂ ಕ್ಯಾಮೆರಾವೇ ಬದುಕಾಗಿದ್ದ ಛಾಯಾಗ್ರಾಹಕನನ್ನೂ ವೃತ್ತಿಪರರ ಸಾಲಿನಿಂದ ಆಚೆ ನಿಲ್ಲಿಸಿತು. ತನ್ನ ಯಂತ್ರದ ಅಗತ್ಯವನ್ನು ಅಂಥವನು ಕೌಂಟರಿನಲ್ಲಿ ವಿವರಿಸಹೊರಟರೆ ಅದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆಯೇ ಆಗುತ್ತಿತ್ತು.

ಆನ್‌ಸೈಟ್ ಪೀಳಿಗೆಯ ಕ್ಯಾಮೆರಾ

1991ರ ಆರ್ಥಿಕ ಸುಧಾರಣೆಗಳ ನಂತರ ಈ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಆ ವರ್ಷದ ಜುಲೈ ಬಜೆಟ್ಟಿನಲ್ಲಿ ಆಮದು ಸುಂಕದ ಗರಿಷ್ಠ ದರವನ್ನು ಶೇಕಡಾ 150ಕ್ಕೆ ಮಿತಿಗೊಳಿಸಲಾಯಿತು; 2007ರ ಹೊತ್ತಿಗೆ ಕೃಷಿಯೇತರ ಸರಕುಗಳ ಸಾಮಾನ್ಯ ಗರಿಷ್ಠ ದರ ಶೇಕಡಾ 10ಕ್ಕೆ ಬಂದಿತ್ತು. ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಅಮೆರಿಕವು ಹೂಡಿದ ವ್ಯಾಜ್ಯದಲ್ಲಿ ಭಾರತಕ್ಕೆ ಸೋಲಾದ ಬಳಿಕ, ಬಳಕೆದಾರ ಸರಕುಗಳ ಮೇಲೆ ಉಳಿದಿದ್ದ ಪ್ರಮಾಣ ನಿರ್ಬಂಧಗಳು 2001ರ ಏಪ್ರಿಲ್ 1ರಂದು ಕೊನೆಗೊಂಡವು. ವಿದೇಶಿ ವಿನಿಮಯದ ಹಳೆಯ ಕಾಯ್ದೆಯ ಸ್ಥಾನಕ್ಕೆ 2000ದ ಜೂನ್‌ನಲ್ಲಿ ಮೃದುವಾದ ಹೊಸ ಕಾಯ್ದೆ ಬಂದಿತು, 2004ರಲ್ಲಿ ರಿಸರ್ವ್ ಬ್ಯಾಂಕು ನಿವಾಸಿಗಳು ವರ್ಷಕ್ಕೆ 25,000 ಡಾಲರ್‌ವರೆಗೆ ಹೊರಕಳಿಸಬಹುದಾದ ಯೋಜನೆಯನ್ನು ತೆರೆಯಿತು.

ಹಿಂಜವಡಿ ಬೆಳೆದದ್ದು ಇದೇ ಮೆಟ್ಟಿಲುಗಳ ನಡುವೆ. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಎಂಬ, ರಫ್ತಿಗೆ ಮೀಸಲಾದ ಸರ್ಕಾರಿ ಯೋಜನೆಯ ಮೊದಲ ಮೂರು ಕೇಂದ್ರಗಳು 1990ರಲ್ಲಿ ಬೆಂಗಳೂರು, ಪುಣೆ ಮತ್ತು ಭುವನೇಶ್ವರಗಳಿಗೆ ದೊರೆತಿದ್ದವು. ಅಮೆರಿಕವು 1990ರ ವಲಸೆ ಕಾಯ್ದೆಯಲ್ಲಿ ಎಚ್-1ಬಿ ಉದ್ಯೋಗ ವೀಸಾಗಳಿಗೆ ವರ್ಷಕ್ಕೆ 65,000ದ ಮಿತಿ ಹಾಕಿ, 2000ದ ಹೊತ್ತಿಗೆ ಕಂಪ್ಯೂಟರುಗಳ ದಿನಾಂಕ ದೋಷವನ್ನು ಸರಿಪಡಿಸುವ ಕೆಲಸದ ಒತ್ತಡದಲ್ಲಿ ಅದನ್ನು ಹಿಗ್ಗಿಸಿ, 2001ರಿಂದ 2003ರವರೆಗೆ 1,95,000ಕ್ಕೆ ಏರಿಸಿತು. ಆನ್‌ಸೈಟ್ ಹೋದವನಿಗೆ ದಿನಭತ್ಯೆಯು ಡಾಲರಿನಲ್ಲಿ ದೊರೆಯುತ್ತಿದ್ದುದರಿಂದ, ಅಡುಗೆಯನ್ನು ಕೋಣೆಯಲ್ಲೇ ಮಾಡಿಕೊಂಡು ಉಳಿಸಿದ ಹಣವು ವಾರಾಂತ್ಯದ ಪ್ರವಾಸಕ್ಕೂ ಕ್ಯಾಮೆರಾಕ್ಕೂ ಹರಿಯಿತು. ಇದೇ ವೇಳೆಗೆ ಕ್ಯಾಮೆರಾವೂ ರೂಪಾಂತರ ಹೊಂದಿ, 2003ರಲ್ಲಿ ಬಂದ ಕ್ಯಾನನ್ 300ಡಿ ಮತ್ತು 2004ರಲ್ಲಿ ಬಂದ ನಿಕಾನ್ ಡಿ70 ಮಾದರಿಗಳು ಲೆನ್ಸು ಬದಲಿಸಬಲ್ಲ ಡಿಜಿಟಲ್ ಯಂತ್ರವನ್ನು ವೃತ್ತಿಪರರ ವಲಯದಿಂದ ಸಂಬಳದಾರ ಹವ್ಯಾಸಿಯ ಕೈಗೆಟುಕುವ ಬೆಲೆಗೆ ಇಳಿಸಿದವು.

ಎಲ್ಲಿ ಕೊಳ್ಳಬೇಕೆಂಬ ಆಯ್ಕೆಯಲ್ಲಿ ಸುಂಕದ ಜೊತೆಗೆ ತಂತ್ರಜ್ಞಾನದ ಗಡಿಗಳೂ ಸೇರಿಕೊಂಡವು. ಭಾರತದ ಬಣ್ಣದ ಟೆಲಿವಿಷನ್ ಪಾಲ್ ಎಂಬ ಪದ್ಧತಿಯನ್ನು ಅನುಸರಿಸುತ್ತಿದ್ದರೆ ಅಮೆರಿಕ, ಜಪಾನುಗಳು ಎನ್‌ಟಿಎಸ್‌ಸಿ ಎಂಬ ಬೇರೊಂದು ಪದ್ಧತಿಯನ್ನು ಬಳಸುತ್ತಿದ್ದವು. ಒಂದರಲ್ಲಿ ಮುದ್ರಿಸಿದ ಟೇಪು ಇನ್ನೊಂದರ ಟಿವಿಯಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲವಾದ್ದರಿಂದ ವೀಡಿಯೋ ಕ್ಯಾಮೆರಾವನ್ನು ನ್ಯೂಜೆರ್ಸಿಯಲ್ಲಿ ಕೊಂಡವನಿಗಿಂತ ಪಾಲ್ ಪದ್ಧತಿಯೇ ಬಳಕೆಯಲ್ಲಿದ್ದ ದುಬೈ ಅಥವಾ ಸಿಂಗಾಪುರದಲ್ಲಿ ಕೊಂಡವನು ಊರಿನಲ್ಲಿ ನಿಶ್ಚಿಂತನಾಗಿರುತ್ತಿದ್ದ. ವೀಡಿಯೋ ಕ್ಯಾಮೆರಾವನ್ನು ಬ್ಯಾಗೇಜ್ ನಿಯಮಗಳು ಟಿವಿ, ಫ್ರಿಜ್ಜು, ಏರ್‌ಕಂಡಿಷನರುಗಳ ಪಟ್ಟಿಗೆ ಸೇರಿಸಿದ್ದರಿಂದ, ಸ್ಥಿರ ಚಿತ್ರದ ಕ್ಯಾಮೆರಾಕ್ಕಿಲ್ಲದ ನಿರ್ಬಂಧಗಳು ಅದಕ್ಕಿದ್ದವು. ವಾರಂಟಿಯೂ ಹಲವು ಸಲ ಕೊಂಡ ದೇಶಕ್ಕೇ ಸೀಮಿತವಾಗಿರುತ್ತಿತ್ತು. ಅಗ್ಗಕ್ಕೆ ಕೊಂಡ ಯಂತ್ರವು ಪುಣೆಯಲ್ಲಿ ಕೆಟ್ಟರೆ ರಿಪೇರಿಯ ಪೂರ್ತಿ ವೆಚ್ಚ ಮಾಲೀಕನ ಮೇಲೆ ಬೀಳುವ ಸಂಭವವಿತ್ತು.

ಹೊರಡುವ ಮುನ್ನ ಕೊಳ್ಳುವುದರ ಲೆಕ್ಕ

ಆದರೂ ಹೊರಡುವಾಗಲೇ ಭಾರತದ ನಿಲ್ದಾಣದಲ್ಲಿ ಕ್ಯಾಮೆರಾ ಕೊಳ್ಳುವುದು ವ್ಯಾಪಕ ರೂಢಿಯಾಗಲಿಲ್ಲ. ಕಾರಣ ತಿಳಿಯಲು ಸುಂಕಮುಕ್ತ ಅಂಗಡಿಯ ಕಾನೂನಿನ ಸ್ವರೂಪವನ್ನು ನೋಡಬೇಕು. ಅಂಥ ಅಂಗಡಿಯ ಸರಕು ಬಾಂಡೆಡ್ ಗೋದಾಮಿನಿಂದ, ಅಂದರೆ ಆಮದಾದ ವಸ್ತುವನ್ನು ಸುಂಕ ಕಟ್ಟುವವರೆಗೆ ಇಲಾಖೆಯ ಮೇಲ್ವಿಚಾರಣೆಯಲ್ಲಿ ಇರಿಸುವ ಉಗ್ರಾಣದಿಂದ, ಬರುತ್ತದೆ. ದೇಶದ ನೆಲದಲ್ಲಿದ್ದೂ ಅದು ಕಾನೂನಿನ ಮಟ್ಟಿಗೆ ದೇಶದೊಳಗೆ ಬಂದಿರುವುದಿಲ್ಲ. ಈ ತತ್ತ್ವದ ಕುರಿತ ಪ್ರಮುಖ ತೀರ್ಪು ಕರ್ನಾಟಕದಿಂದಲೇ ಹುಟ್ಟಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ನಡೆಸುತ್ತಿದ್ದ ಸುಂಕಮುಕ್ತ ಅಂಗಡಿಗಳ ಮಾರಾಟಕ್ಕೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ತೆರಿಗೆ ಹಾಕಿದಾಗ ನಿಗಮದ ಹೋಟೆಲ್ ಅಶೋಕ ಘಟಕವು ಅದನ್ನು ಪ್ರಶ್ನಿಸಿತು. ಸರಕು ಸುಂಕದ ಗಡಿಯನ್ನು ದಾಟುವ ಮೊದಲೇ ಮಾರಾಟ ನಡೆಯುವುದರಿಂದ ಸಂವಿಧಾನದ 286ನೆಯ ವಿಧಿಯಂತೆ ರಾಜ್ಯವು ಅದರ ಮೇಲೆ ತೆರಿಗೆ ವಿಧಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2012ರ ಫೆಬ್ರವರಿಯಲ್ಲಿ ತೀರ್ಪಿತ್ತಿತು.

ಸರಕು ‘ದೇಶದ ಹೊರಗೆ’ ಇದೆಯೆಂಬ ಇದೇ ಕಲ್ಪನೆಯು ಹೊರಡುವ ಪ್ರಯಾಣಿಕನಿಗೆ ಎರಡು ಅಲಗಿನ ಕತ್ತಿಯಾಯಿತು. ಅಲ್ಲಿ ಕೊಂಡ ಕ್ಯಾಮೆರಾ ಅವನೊಡನೆ ರಫ್ತಾದಂತೆ. ಆರು ತಿಂಗಳ ಬಳಿಕ ಅವನು ಅದನ್ನು ಕೊರಳಿಗೆ ಹಾಕಿಕೊಂಡು ಮರಳಿದರೆ ಅದು ವಿದೇಶದಲ್ಲಿ ಕೊಂಡ ವಸ್ತುವಿನ ಹಾಗೆಯೇ ಬ್ಯಾಗೇಜಿನ ಲೆಕ್ಕಕ್ಕೆ ಬರುತ್ತದೆ. ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮೌಲ್ಯವು 25,000 ರೂಪಾಯಿಯಿಂದ 2012ರಲ್ಲಿ 35,000ಕ್ಕೂ, 2014ರಲ್ಲಿ 45,000ಕ್ಕೂ, 2016ರ ಹೊಸ ಬ್ಯಾಗೇಜ್ ನಿಯಮಗಳಲ್ಲಿ 50,000ಕ್ಕೂ ಏರಿತಾದರೂ, ಮಿತಿಗಿಂತ ಹೆಚ್ಚಿನ ಮೌಲ್ಯಕ್ಕೆ ಶೇಕಡಾ 35ರ ಮೂಲ ಸುಂಕ ಮತ್ತು ಅದರ ಮೇಲಿನ ಸೆಸ್ ತಗಲುತ್ತಿತ್ತು. ಇದಕ್ಕೆ ಬದಲಾಗಿ ಪುಣೆಯ ಅಂಗಡಿಯಲ್ಲಿ ತೆರಿಗೆ ಕಟ್ಟಿ ಕೊಂಡ ಕ್ಯಾಮೆರಾಕ್ಕೆ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ರಫ್ತು ಪ್ರಮಾಣಪತ್ರ ಪಡೆಯಬಹುದಿತ್ತು; ಯಂತ್ರದ ಮತ್ತು ಲೆನ್ಸಿನ ಕ್ರಮಸಂಖ್ಯೆಗಳನ್ನು ನಮೂದಿಸಿದ ಆ ಚೀಟಿಯನ್ನು ಮರಳುವಾಗ ತೋರಿಸಿದರೆ ವಸ್ತುವು ಹೊಸ ಆಮದಾಗುತ್ತಿರಲಿಲ್ಲ. ಹಣ ಪಾವತಿಯ ತೊಡಕೂ ಇತ್ತು: ಭಾರತದ ಸುಂಕಮುಕ್ತ ಅಂಗಡಿಗಳು ಮೂಲತಃ ವಿದೇಶಿ ಹಣಕ್ಕಾಗಿ ಹುಟ್ಟಿದವಾದ್ದರಿಂದ ರೂಪಾಯಿಯಲ್ಲಿ ಕೊಳ್ಳಬಹುದಾದ ಮೊತ್ತವು ಬಹುಕಾಲ 5,000ಕ್ಕೆ ಸೀಮಿತವಾಗಿದ್ದು, ಅದು 25,000ಕ್ಕೆ ಏರಿದ್ದು 2016ರಲ್ಲಿ, ಆ ಮೊತ್ತಕ್ಕೂ ಒಳ್ಳೆಯ ಡಿಜಿಟಲ್ ಏಕಲೆನ್ಸ್ ಕ್ಯಾಮೆರಾ ಬರುತ್ತಿರಲಿಲ್ಲ.

ಹೀಗಾಗಿ ಹೊರಡುವ ನಿಲ್ದಾಣದ ಖರೀದಿಯು ಒಂದು ನಿರ್ದಿಷ್ಟ ಬಗೆಯ ಪ್ರಯಾಣಿಕನಿಗೆ ಮಾತ್ರ ಲಾಭದಾಯಕವಾಗಿತ್ತು: ವರ್ಷಗಟ್ಟಲೆ ಹೊರಗಿರಲು ಹೊರಟವನು, ಸದ್ಯಕ್ಕೆ ಮರಳುವ ಯೋಚನೆ ಇಲ್ಲದವನು, ಅಥವಾ ಮರಳುವ ಹೊತ್ತಿಗೆ ಯಂತ್ರವು ಹಳತಾಗಿ ಬಳಸಿದ ಸ್ವಂತ ಸಾಮಾನೆಂದು ಕಾಣುವಷ್ಟು ಕಾಲ ತಿರುಗುವವನು. ಆನ್‌ಸೈಟ್ ಕೆಲಸಕ್ಕೆ ಮೂರು ತಿಂಗಳಿಗೆಂದು ಹೋಗಿಬರುವವನಿಗೆ ನಡುವಿನ ನಿಲುಗಡೆಯೇ, ಅಂದರೆ ದುಬೈ ಅಥವಾ ಸಿಂಗಾಪುರವೇ, ಲೇಸಾಗಿತ್ತು.

ಅಂತರ ಅಳಿದ ಮೇಲೆ

ಈ ಲೆಕ್ಕಾಚಾರಕ್ಕೆ ಆಧಾರವಾಗಿದ್ದ ಬೆಲೆಯ ಅಂತರವನ್ನು ಕಿರಿದಾಗಿಸಿದ ಸಂಗತಿಗಳಲ್ಲಿ ಒಂದು ಡಿಜಿಟಲ್ ಸ್ಥಿರ ಚಿತ್ರ ಕ್ಯಾಮೆರಾಗಳಿಗೆ ಭಾರತ ಕೊಟ್ಟ ಮೂಲ ಆಮದು ಸುಂಕದ ವಿನಾಯಿತಿ. ಆ ವಿನಾಯಿತಿಯು ಯಂತ್ರದ ವೀಡಿಯೋ ಸಾಮರ್ಥ್ಯದ ಮೇಲೆ ಷರತ್ತು ಹಾಕಿದ್ದರಿಂದ, 2012ರಲ್ಲಿ ಆಮದಾದ ಕ್ಯಾಮೆರಾಗಳು ಅದಕ್ಕೆ ಅರ್ಹವೇ ಎಂಬ ವ್ಯಾಜ್ಯ ಹುಟ್ಟಿ, ಕ್ಯಾನನ್ ಇಂಡಿಯಾ ಪ್ರಕರಣವೆಂದು ಹೆಸರಾದ ಅದು 2021ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೂ 2024ರ ನವೆಂಬರಿನಲ್ಲಿ ಅದರ ಮರುಪರಿಶೀಲನೆಗೂ ಗುರಿಯಾಯಿತು. ಕ್ಯಾಮೆರಾ ಎಲ್ಲಿಗೆ ಮುಗಿಯುತ್ತದೆ, ವೀಡಿಯೋ ಕ್ಯಾಮೆರಾ ಎಲ್ಲಿಂದ ಶುರುವಾಗುತ್ತದೆ ಎಂಬ ಹಳೆಯ ಬ್ಯಾಗೇಜ್ ಪಟ್ಟಿಯ ಪ್ರಶ್ನೆಯೇ ಅಲ್ಲಿ ವ್ಯಾಪಾರಿ ಆಮದಿನ ವೇಷದಲ್ಲಿ ಮರಳಿತ್ತು. 2017ರ ಜುಲೈನಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯು ಡಿಜಿಟಲ್ ಕ್ಯಾಮೆರಾಕ್ಕೆ ಶೇಕಡಾ 28ರ ದರ ವಿಧಿಸಿ ಅಂತರವನ್ನು ಮತ್ತೆ ಹಿಗ್ಗಿಸಿತಾದರೂ, 2019ರ ಜನವರಿ 1ರಿಂದ ಅದು ಶೇಕಡಾ 18ಕ್ಕೆ ಇಳಿಯಿತು.

ಎರಡನೆಯದೂ ದೊಡ್ಡದೂ ಆದ ಕಾರಣ ಮೊಬೈಲು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಅಂಕಿಗಳಂತೆ 2010ರಲ್ಲಿ ಸುಮಾರು 12 ಕೋಟಿ 15 ಲಕ್ಷದಷ್ಟಿದ್ದ ಡಿಜಿಟಲ್ ಕ್ಯಾಮೆರಾಗಳ ಜಾಗತಿಕ ರವಾನೆಯು 2021ರಲ್ಲಿ ಸುಮಾರು 84 ಲಕ್ಷಕ್ಕೆ ಕುಸಿಯಿತು. ಈ ಕುಸಿತದಲ್ಲಿ ಮೊದಲು ನಾಶವಾದದ್ದು ಚಿಕ್ಕ, ಅಗ್ಗದ, ಜೇಬಿನ ಕ್ಯಾಮೆರಾ. ಪ್ರಯಾಣದ ಗಡಿಬಿಡಿಯಲ್ಲಿ ನಿಲ್ದಾಣದ ಗಾಜಿನ ಕಪಾಟಿನಿಂದ ಹೆಚ್ಚು ಯೋಚಿಸದೆ ಎತ್ತಿಕೊಳ್ಳಬಹುದಾಗಿದ್ದ ಯಂತ್ರವೂ ಅದೇ ಆಗಿತ್ತು. ಉಳಿದುಕೊಂಡ ದುಬಾರಿ ಕನ್ನಡಿರಹಿತ ಕ್ಯಾಮೆರಾಗಳನ್ನು ಕೊಳ್ಳುವವನು ತಿಂಗಳುಗಟ್ಟಲೆ ಹೋಲಿಸಿ ನೋಡಿ, ಸ್ಥಳೀಯ ವಾರಂಟಿ ಮತ್ತು ಮಾಸಿಕ ಕಂತುಗಳನ್ನು ಎಣಿಸಿ, ಮನೆಯಿಂದಲೇ ತರಿಸಿಕೊಳ್ಳತೊಡಗಿದ್ದರಿಂದ ನಿಲ್ದಾಣದ ಅಂಗಡಿಯು ಮತ್ತೆ ಮದ್ಯ, ಚಾಕಲೇಟು, ಸುಗಂಧದ್ರವ್ಯಗಳ ಹಳೆಯ ಕಸುಬಿಗೆ ಹೊರಳಿತು.

ಆಲ್ಬಮ್ಮುಗಳ ಓದಿಗೆ ಒಂದು ಸೂಚನೆ

ಕ್ಯಾಮೆರಾ ಕೊಳ್ಳುವ ಜಾಗದ ಈ ಸರಿದಾಟವು ಕೌಟುಂಬಿಕ ಚಿತ್ರಸಂಗ್ರಹಗಳ ಸ್ವರೂಪವನ್ನೂ ಪ್ರಭಾವಿಸಿರಲೇಬೇಕು. ಪರದೇಶದಲ್ಲಿ ದುಡಿದ ಮೇಲಷ್ಟೇ ಕ್ಯಾಮೆರಾ ಕೈಗೆ ಬರುತ್ತಿದ್ದ ಪೀಳಿಗೆಯಲ್ಲಿ ಚಿತ್ರದಾಖಲೆಯು ಪರದೇಶದ ನೆಲದಿಂದಲೇ ಆರಂಭವಾಗುವುದು ಸಹಜ. ಊರಿನ ಬಾಲ್ಯ, ಮನೆಯ ಹಿರಿಯರು, ಹೊರಡುವ ಮುನ್ನಿನ ಸಿದ್ಧತೆ ಇವೆಲ್ಲ ಸ್ಟುಡಿಯೋ ಚಿತ್ರಗಳಿಗೋ ಮದುವೆಯ ಆಲ್ಬಮ್ಮಿಗೋ ಸೀಮಿತವಾಗಿ, ವ್ಯಕ್ತಿಯ ಸ್ವಂತ ಕಣ್ಣಿನ ನೋಟವು ಹಿಮ, ಸೇತುವೆ, ಬಾಡಿಗೆ ಕಾರುಗಳಿಂದ ಮೊದಲಾಗುತ್ತದೆ. ಹೊರಡುವ ಗಳಿಗೆಯ ಚಿತ್ರಗಳು ವಿರಳವಾಗಲು ಇನ್ನೊಂದು ಕಾನೂನೂ ನೆರವಾಯಿತು: 1937ರ ವಿಮಾನ ನಿಯಮಗಳ 13ನೆಯ ನಿಯಮವು ಸರ್ಕಾರಿ ನಿಲ್ದಾಣದಲ್ಲಿ ಅನುಮತಿಯಿಲ್ಲದೆ ಚಿತ್ರ ತೆಗೆಯುವುದನ್ನು ನಿಷೇಧಿಸಿತ್ತು, ಮತ್ತು ಲೋಹಗಾಂವದಂಥ ವಾಯುಪಡೆಯ ನೆಲೆಯಲ್ಲಿ ಅದರ ಬಿಗಿ ಇನ್ನೂ ಹೆಚ್ಚಾಗಿತ್ತು. ನಿಲ್ದಾಣದಲ್ಲಿ ಕ್ಯಾಮೆರಾ ಕೊಳ್ಳಲು ಒಪ್ಪಿದ ಕಾನೂನು ಅದನ್ನು ಅಲ್ಲೇ ಬಳಸಲು ಒಪ್ಪಿರಲಿಲ್ಲ.

ಮೊಬೈಲು ಬಂದ ಮೇಲೆ ವಾಕಡದ ಮನೆಬಾಗಿಲು, ಎಕ್ಸ್‌ಪ್ರೆಸ್ ಹೆದ್ದಾರಿಯ ಸುರಂಗ, ಬೋರ್ಡಿಂಗ್ ಪಾಸು ಎಲ್ಲವೂ ಚಿತ್ರಗಳಾಗಿ, ಪ್ರಯಾಣದ ದಾಖಲೆಯು ಹೊರಡುವ ಮೊದಲೇ ಆರಂಭವಾಯಿತು. ಆದ್ದರಿಂದ ಇಂಥ ಸಂಗ್ರಹಗಳನ್ನು ವಲಸೆಯ ಚರಿತ್ರೆಗೆ ಆಕರವಾಗಿ ಬಳಸುವವರು, ಹಳೆಯ ಆಲ್ಬಮ್ಮುಗಳಲ್ಲಿ ತಾಯ್ನಾಡು ಗೈರಾಗಿರುವುದನ್ನು ವಲಸಿಗನ ಮನಸ್ಸಿನ ಲಕ್ಷಣವೆಂದೋ ಊರಿನ ಬಗೆಗಿನ ಉದಾಸೀನವೆಂದೋ ಅರ್ಥೈಸುವ ಮೊದಲು, ಆ ವರ್ಷದ ಸುಂಕದ ದರ, ವಿನಿಮಯದ ಮಿತಿ ಮತ್ತು ಬ್ಯಾಗೇಜ್ ನಿಯಮಗಳನ್ನು ಒಮ್ಮೆ ತೆರೆದು ನೋಡುವುದು ಅಗತ್ಯ. ಎಷ್ಟೋ ಕುಟುಂಬಗಳ ಚಿತ್ರಸ್ಮೃತಿ ಯಾವ ಊರಿನಿಂದ ಆರಂಭವಾಗಬೇಕೆಂಬುದನ್ನು ತೀರ್ಮಾನಿಸಿದ್ದು ಆ ಕುಟುಂಬಗಳಲ್ಲ, ಆ ಕೋಷ್ಟಕಗಳು.